ಹೆಲಿಕಾಪ್ಟರ್ ಬಾಗಿಲಲ್ಲಿ ಕೂತಿದ್ದ ಹುಡುಗ

ಹದಿನೆಂಟು ವರ್ಷ. ನಮ್ಮಲ್ಲಾದರೆ ಪಿಯುಸಿ ಮುಗಿಸಿ, ಬಿ.ಎಸ್ಸಿ. ಸೇರುವುದೋ ಎಂಜಿನಿಯರಿಂಗ್ ಸೀಟಿಗೆ ಕಾಯುವುದೋ ಎಂದು ಅಪ್ಪ ಅಮ್ಮನ ಜತೆ ಕೂತು ಲೆಕ್ಕ ಹಾಕುವ ವಯಸ್ಸು. ಬೈಕ್ ಕೊಡಿಸಲು ಕೂಡ ತಂದೆ ತಾಯಿ ಹತ್ತು ಸಲ ಯೋಚಿಸುವ ವಯಸ್ಸು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಾರೆನ್ಸ್ ಕೋಲ್‌ಬರ್ನ್ ಎಂಬ ಹುಡುಗ ಆ ವಯಸ್ಸಿನಲ್ಲಿ ವಿಯೆಟ್ನಾಂನ ಭತ್ತದ ಗದ್ದೆಗಳ ಮೇಲೆ, ಮರಗಳ ತಲೆ ಸವರಿಕೊಂಡು ಹಾರುವ ಪುಟ್ಟ ಹೆಲಿಕಾಪ್ಟರಿನ ಬಾಗಿಲಲ್ಲಿ ಮೆಷಿನ್‌ಗನ್ ಹಿಡಿದು ಕೂತಿದ್ದ.

1968ರ ಮಾರ್ಚ್ 16ರ ಶನಿವಾರ ಬೆಳಿಗ್ಗೆ ಆ ಹುಡುಗನಿಗೆ ಒಂದು ಆದೇಶ ಬಂತು. ಅಂಥ ಆದೇಶ ಯಾವ ಸೈನಿಕನಿಗೂ ಬರಬಾರದು. 'ನಮ್ಮವರೇ ಈ ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ, ನೀನು ನಮ್ಮವರ ಮೇಲೆ ಗುಂಡು ಹಾರಿಸು' ಎಂದು ಅವನ ಪೈಲಟ್ ಹೇಳಿದ್ದ. ಯೋಚಿಸಲು ಒಂದು ನಿಮಿಷವೂ ಇರಲಿಲ್ಲ. ಹುಡುಗ ಬಂದೂಕು ಹಿಡಿದು ಕೆಳಗಿಳಿದ.

ಮುಂದೇನಾಯಿತು ಎಂದು ತಿಳಿಯುವ ಮುನ್ನ, ಆ ಹುಡುಗ ಮಾಡುತ್ತಿದ್ದ ಕೆಲಸ ಎಂಥದು ಎಂಬುದನ್ನು ನೋಡಬೇಕು.

ಬಾಗಿಲ ಬಂದೂಕು

ವಿಯೆಟ್ನಾಂ ಯುದ್ಧವನ್ನು 'ಹೆಲಿಕಾಪ್ಟರ್ ಯುದ್ಧ' ಎಂದೇ ಕರೆಯುತ್ತಾರೆ. ರಸ್ತೆಗಳು ಕಡಿಮೆ, ಇದ್ದ ರಸ್ತೆಗಳಲ್ಲಿ ಹೊಂಚು. ಉಳಿದದ್ದು ಕಾಡು, ಗುಡ್ಡ, ಕೆಸರು ಗದ್ದೆ. ಹಾಗಾಗಿ ಸೈನಿಕರನ್ನು ಇಳಿಸುವುದು, ಅನ್ನ ನೀರು ಮದ್ದುಗುಂಡು ಮುಟ್ಟಿಸುವುದು, ಗಾಯಾಳುಗಳನ್ನು ಎತ್ತಿ ತರುವುದು, ಎಲ್ಲಕ್ಕೂ ಹೆಲಿಕಾಪ್ಟರೇ ಬೇಕಿತ್ತು. ಯುದ್ಧದ ಉದ್ದಕ್ಕೂ ಅಮೆರಿಕ ಬಳಸಿದ ಹೆಲಿಕಾಪ್ಟರುಗಳ ಸಂಖ್ಯೆ ಸುಮಾರು 12 ಸಾವಿರ. ಅವುಗಳಲ್ಲಿ ಐದು ಸಾವಿರದಷ್ಟು ನಾಶವಾದವು. ಸತ್ತ ಪೈಲಟ್ ಮತ್ತು ಸಿಬ್ಬಂದಿಯ ಲೆಕ್ಕವೂ ಐದು ಸಾವಿರದ ಆಸುಪಾಸಿನದೇ.

ಅಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದುದು 'ಹ್ಯೂಯಿ' ಎಂಬ ಅಡ್ಡಹೆಸರಿನ ಯುಎಚ್-1 ಹೆಲಿಕಾಪ್ಟರ್. ಮುಂದೆ ಇಬ್ಬರು ಪೈಲಟ್‌ಗಳು. ಹಿಂದೆ, ಸದಾ ತೆರೆದೇ ಇರುವ ಬಾಗಿಲುಗಳ ಎರಡು ಬದಿಯಲ್ಲಿ ಇಬ್ಬರು ಬಂದೂಕುಧಾರಿಗಳು. ಅವರಲ್ಲಿ ಒಬ್ಬ ಕ್ರೂ ಚೀಫ್. ಯಂತ್ರದ ಆರೈಕೆಯೂ ಅವನ ಪಾಲಿನದು. ಇನ್ನೊಬ್ಬ ಡೋರ್ ಗನ್ನರ್. ಬಂದೂಕುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಗುಂಡಿನ ಸರ ತುಂಬಿಸಿ ಇಡುವುದು ಅವನ ದಿನನಿತ್ಯದ ಕೆಲಸ. ಕೆಂಪು ದೂಳು, ಮಳೆ, ಬೆವರು ಇವುಗಳ ನಡುವೆ ಬಂದೂಕು ಒಮ್ಮೆ ಕಚ್ಚಿಕೊಂಡರೆ ಇಡೀ ತಂಡದ ಕತೆ ಮುಗಿದಂತೆ.

ಅವರ ಕೈಯಲ್ಲಿದ್ದದ್ದು ಎಂ-60 ಮೆಷಿನ್‌ಗನ್. ತೂಕ ಸುಮಾರು ಹತ್ತೂವರೆ ಕಿಲೋ. ನಿಮಿಷಕ್ಕೆ ಐನೂರೈವತ್ತರಷ್ಟು ಗುಂಡು ಉಗುಳುವ ಶಕ್ತಿ. ಸರದಲ್ಲಿ ಪ್ರತಿ ಐದನೆಯ ಗುಂಡು ಬೆಂಕಿಯ ಗೆರೆ ಎಳೆದುಕೊಂಡು ಹೋಗುತ್ತಿತ್ತು. ಗುರಿ ಎಲ್ಲಿದೆ ಎಂದು ಆ ಗೆರೆ ನೋಡಿ ತಿದ್ದಿಕೊಳ್ಳಬೇಕು. ಕೆಲವರು ಬಂದೂಕನ್ನು ಕಬ್ಬಿಣದ ಆಸರೆಗೆ ಕೂರಿಸದೆ ಬಾಗಿಲ ಚೌಕಟ್ಟಿಗೆ ರಬ್ಬರ್ ಹಗ್ಗದಲ್ಲಿ ತೂಗುಬಿಡುತ್ತಿದ್ದರು. ಹಾಗೆ ಮಾಡಿದರೆ ಯಾವ ಕೋನಕ್ಕೆ ಬೇಕಾದರೂ ತಿರುಗಿಸಬಹುದು. ಅಪಾಯವೂ ಅಷ್ಟೇ. ಗಾಬರಿಯಲ್ಲಿ ತನ್ನದೇ ಹೆಲಿಕಾಪ್ಟರಿಗೆ ಗುಂಡು ಹೊಡೆಯದಂತೆ ಎಚ್ಚರ ಬೇಕು.

ಸೊಂಟಕ್ಕೆ ಕಟ್ಟಿದ ಒಂದು ಪಟ್ಟಿಯೇ ಅವನನ್ನು ಹೆಲಿಕಾಪ್ಟರಿಗೆ ಹಿಡಿದಿಡುತ್ತಿದ್ದುದು. ಅದಕ್ಕೆ ಸೈನಿಕರು ಇಟ್ಟ ಹೆಸರು 'ಮಂಗನ ಪಟ್ಟಿ'. ಆ ಪಟ್ಟಿಯ ಬಲದಿಂದ ಗನ್ನರ್ ಅರ್ಧ ಮೈ ಹೊರಗೆ ಚಾಚಿ ನಿಲ್ಲುತ್ತಿದ್ದ. ಗುಂಡು ಬರುವುದು ಕೆಳಗಿನಿಂದಲ್ಲವೇ? ಹಾಗಾಗಿ ಮೈಗೆ ತೊಡುವ ರಕ್ಷಾ ಕವಚವನ್ನು ಎಷ್ಟೋ ಮಂದಿ ಕುಂಡೆಯಡಿಗೆ ಹಾಕಿಕೊಂಡು ಕೂರುತ್ತಿದ್ದರು!

ಗುಂಡು ಹಾರಿಸುವುದು ಅವನ ಕೆಲಸದ ಒಂದು ಭಾಗ ಮಾತ್ರ. ಇಕ್ಕಟ್ಟಾದ ಜಾಗದಲ್ಲಿ ಇಳಿಯುವಾಗ ಪೈಲಟ್‌ಗೆ ಹಿಂದಿನ ಬಾಲ ಕಾಣುವುದಿಲ್ಲ. ಬಾಲದ ರೆಕ್ಕೆ ಒಂದು ಕೊಂಬೆಗೆ ತಗುಲಿದರೂ ಸಾಕು, ಹೆಲಿಕಾಪ್ಟರ್ ಬುಗುರಿಯಂತೆ ತಿರುಗಿ ಬೀಳುತ್ತದೆ. ಬಾಗಿಲಲ್ಲಿ ಬಗ್ಗಿ ನೋಡಿ 'ಎಡಕ್ಕೆ ಜಾಗವಿದೆ, ಬಲಕ್ಕೆ ಮರವಿದೆ' ಎಂದು ಮೈಕಿನಲ್ಲಿ ಹೇಳಬೇಕಾದವನು ಗನ್ನರ್. ಒಟ್ಟಿನಲ್ಲಿ ಅವನು ಪೈಲಟ್‌ನ ಬೆನ್ನಿಗಿದ್ದ ಕಣ್ಣು.

1960ರ ದಶಕದ ಆರಂಭದಲ್ಲಿ ಹವಾಯಿ ದ್ವೀಪದಲ್ಲಿದ್ದ 25ನೇ ಪದಾತಿ ಡಿವಿಷನ್ನಿನಿಂದ ಸ್ವಯಂಸೇವಕರನ್ನು ಆರಿಸಿ ಈ ಕೆಲಸಕ್ಕೆ ಕಳಿಸಲಾಗಿತ್ತು. ಮುಂದೆ ಯುದ್ಧ ಬೆಳೆದಂತೆ ಸಾವಿರಾರು ಯುವಕರು ಈ ಬಾಗಿಲಿಗೆ ಬಂದರು. ಡೋರ್ ಗನ್ನರನ ಆಯುಸ್ಸು ಯುದ್ಧಭೂಮಿಯಲ್ಲಿ ಐದೇ ನಿಮಿಷ ಎಂಬ ಮಾತು ಸೈನಿಕರ ಬಾಯಲ್ಲಿತ್ತು. ಅದು ಉತ್ಪ್ರೇಕ್ಷೆ. ಆದರೆ ಅಂಥ ಮಾತು ಹುಟ್ಟಲು ಕಾರಣವಿರಲಿಲ್ಲ ಎನ್ನುವಂತಿಲ್ಲ.

ಪುಟ್ಟ ಯಂತ್ರ, ಮೂವರು ಯುವಕರು

ಕೋಲ್‌ಬರ್ನ್ ಕೂತದ್ದು ಹ್ಯೂಯಿಯಲ್ಲಲ್ಲ. ಅದಕ್ಕಿಂತ ತೀರ ಚಿಕ್ಕದಾದ ಒಎಚ್-23 ಎಂಬ ಹೆಲಿಕಾಪ್ಟರಿನಲ್ಲಿ. ಮುಂಭಾಗವೆಲ್ಲ ಪಾರದರ್ಶಕವಾದ ಒಂದು ಗುಳ್ಳೆ; ಅದರೊಳಗೆ ಮೂವರಿಗಷ್ಟೇ ಜಾಗ. ಪದಾತಿ ದಳದ ಮುಂದೆ ಮುಂದೆ ತಗ್ಗಿನಲ್ಲಿ ಹಾರುತ್ತಾ ಶತ್ರು ಎಲ್ಲಿ ಅಡಗಿದ್ದಾನೆಂದು ಪತ್ತೆ ಮಾಡುವುದು ಅದರ ಕೆಲಸ. ಪತ್ತೆ ಮಾಡುವುದೆಂದರೆ, ಶತ್ರು ತಮ್ಮ ಮೇಲೆ ಗುಂಡು ಹಾರಿಸುವಂತೆ ಮಾಡುವುದು! ಗುಂಡು ಬಂದೊಡನೆ ಮೇಲೆ ಕಾವಲಿಗೆ ಹಾರುತ್ತಿರುವ ಎರಡು ಹ್ಯೂಯಿಗಳು ಎರಗುತ್ತವೆ. ಸರಳವಾಗಿ ಹೇಳಬೇಕೆಂದರೆ, ಗಾಳದ ತುದಿಯ ಎರೆಹುಳು.

ಪೈಲಟ್ ಹ್ಯೂ ಥಾಂಪ್ಸನ್‌ಗೆ ಆಗ 24 ವರ್ಷ. ಜಾರ್ಜಿಯಾ ರಾಜ್ಯದವನು. ಹುದ್ದೆ ವಾರಂಟ್ ಆಫೀಸರ್, ಅಂದರೆ ಲೆಫ್ಟಿನೆಂಟ್‌ಗಿಂತ ಕೆಳಗಿನದು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಕ್ರೂ ಚೀಫ್ ಗ್ಲೆನ್ ಆಂಡ್ರಿಯಾಟಾಗೆ 20 ವರ್ಷ. ಇಬ್ಬರಿಗಿಂತ ಚಿಕ್ಕವನು ಗನ್ನರ್ ಕೋಲ್‌ಬರ್ನ್. ಅಂದು ಬೆಳಿಗ್ಗೆ ಅವರು ಹೊರಟದ್ದು ಕ್ವಾಂಗ್ ನ್ಗಾಯ್ ಪ್ರಾಂತ್ಯದ ಸೋನ್ ಮಿ ಗ್ರಾಮದತ್ತ. ಅದರ ಒಂದು ಪಾಳೆಯಕ್ಕೆ ಅಮೆರಿಕದ ಸೇನಾ ನಕ್ಷೆಯಲ್ಲಿದ್ದ ಹೆಸರು 'ಮೈ ಲಾಯ್-4'.

ಆ ಹಳ್ಳಿಗೆ ಅಂದು ಇಳಿದದ್ದು 'ಚಾರ್ಲಿ ಕಂಪೆನಿ' ಎಂಬ ಪದಾತಿ ತುಕಡಿ. ಹಿಂದಿನ ವಾರಗಳಲ್ಲಿ ಆ ತುಕಡಿಯ ಹಲವರು ನೆಲಬಾಂಬುಗಳಿಗೆ, ಬಲೆಗಳಿಗೆ ಸಿಕ್ಕಿ ಸತ್ತಿದ್ದರು, ಕೈಕಾಲು ಕಳೆದುಕೊಂಡಿದ್ದರು. ಶತ್ರು ಮಾತ್ರ ಎದುರಿಗೆ ಸಿಕ್ಕಿರಲಿಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಹಳ್ಳಿಯ ಸಾಮಾನ್ಯ ಜನ ಸಂತೆಗೆ ಹೋಗಿರುತ್ತಾರೆ, ಉಳಿದವರೆಲ್ಲ ವಿಯೆಟ್‌ಕಾಂಗ್ ಗೆರಿಲ್ಲಾಗಳು ಅಥವಾ ಅವರ ಕಡೆಯವರು ಎಂದು ಅವರಿಗೆ ಹೇಳಲಾಗಿತ್ತು. ಈ ಮಾಹಿತಿ ಸಂಪೂರ್ಣ ಸುಳ್ಳಾಗಿತ್ತು. ಏಳೂವರೆಗೆ ಸೈನಿಕರು ಇಳಿದಾಗ ಹಳ್ಳಿಯ ಮನೆಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಇದ್ದರು. ಸೈನಿಕರ ಮೇಲೆ ಒಂದು ಗುಂಡೂ ಬರಲಿಲ್ಲ.

ಆ ಬೆಳಿಗ್ಗೆ ಥಾಂಪ್ಸನ್‌ನ ತಂಡಕ್ಕೆ ಆಯುಧ ಹಿಡಿದವನೊಬ್ಬ ಕಂಡದ್ದು ಒಮ್ಮೆ ಮಾತ್ರ. ಮರಗಳ ಸಾಲಿನಿಂದ ಹೊರಬಿದ್ದು ಓಡುತ್ತಿದ್ದ ಅವನ ಮೇಲೆ ಕೋಲ್‌ಬರ್ನ್ ಗುಂಡು ಹಾರಿಸಿದ. ಗುರಿ ತಪ್ಪಿತು, ಆತ ಓಡಿಹೋದ. ಇಡೀ ದಿನ ತಾನು ಕಂಡ ಶತ್ರು ಅವನೊಬ್ಬನೇ ಎಂದು ಥಾಂಪ್ಸನ್ ಮುಂದೆ ಹೇಳಿದ.

ಹಸಿರು ಹೊಗೆ

ಹಳ್ಳಿಯ ಸುತ್ತ ಹಾರುವಾಗ ಗದ್ದೆಗಳಲ್ಲಿ, ರಸ್ತೆಯ ಬದಿಯಲ್ಲಿ ಗಾಯಗೊಂಡು ಬಿದ್ದಿದ್ದ ಜನ ಕಂಡರು. ಎಲ್ಲರೂ ಹಳ್ಳಿಗರು. ಥಾಂಪ್ಸನ್‌ನ ತಂಡ ಅವರ ಬಳಿ ಹಸಿರು ಹೊಗೆಯ ಡಬ್ಬಿಗಳನ್ನು ಎಸೆಯಿತು. 'ಇಲ್ಲಿ ಗಾಯಾಳುಗಳಿದ್ದಾರೆ, ನೆರವು ಬೇಕು' ಎಂದು ನೆಲದ ಸೈನಿಕರಿಗೆ ತಿಳಿಸುವ ಗುರುತು ಅದು. ಅಷ್ಟರಲ್ಲಿ ಇಂಧನ ಮುಗಿಯುತ್ತಾ ಬಂದಿದ್ದರಿಂದ ತುಂಬಿಸಿಕೊಳ್ಳಲು ಹೋದರು. ಮರಳಿ ಬಂದು ನೋಡಿದರೆ ಹೊಗೆ ಹಾಕಿ ಗುರುತಿಸಿದ್ದವರೆಲ್ಲ ಹೆಣವಾಗಿದ್ದರು.

ಮೂವರಿಗೂ ಅರ್ಥವಾಗಲಿಲ್ಲ. ಅಥವಾ ಅರ್ಥವಾದದ್ದನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಗದ್ದೆಯಲ್ಲಿ ಗಾಯಗೊಂಡು ಬಿದ್ದಿದ್ದ ಒಬ್ಬ ಯುವತಿಯ ಬಳಿ ಮತ್ತೆ ಹೊಗೆ ಎಸೆದು, ನೆಲಕ್ಕೆ ತೀರ ಹತ್ತಿರದಲ್ಲೇ ನಿಂತು ನೋಡಿದರು. ಸೇನೆಯ ಕ್ಯಾಪ್ಟನ್ ಒಬ್ಬ ಬಂದ. ಕಾಲಿನಿಂದ ಆಕೆಯನ್ನು ಅಲುಗಿಸಿದ. ಒಂದು ಹೆಜ್ಜೆ ಹಿಂದೆ ಸರಿದು ಗುಂಡು ಹಾರಿಸಿದ. ಅವರ ಕಣ್ಣೆದುರಿಗೇ!

ಇನ್ನು ಸಂಶಯ ಉಳಿಯಲಿಲ್ಲ. ಇಲ್ಲಿ ನಡೆಯುತ್ತಿರುವುದು ಸರಿಯಲ್ಲ, ಸಾಯುತ್ತಿರುವವರು ಸಾಮಾನ್ಯ ಜನ ಎಂದು ಥಾಂಪ್ಸನ್ ರೇಡಿಯೋದಲ್ಲಿ ಕೂಗಿದ.

ಹಳ್ಳಿಯ ಪೂರ್ವಕ್ಕೆ ನೀರಾವರಿ ಕಾಲುವೆಯಂಥ ಒಂದು ಕಂದಕವಿತ್ತು. ಅದರ ತುಂಬ ಹೆಣಗಳು. ನಡುವೆ ಅಲ್ಲಲ್ಲಿ ಇನ್ನೂ ಮಿಸುಕುತ್ತಿದ್ದ ಜೀವಗಳು. ಥಾಂಪ್ಸನ್ ಹೆಲಿಕಾಪ್ಟರ್ ಇಳಿಸಿ, ಅಲ್ಲಿದ್ದ ಸಾರ್ಜೆಂಟ್‌ನನ್ನು ಇವರಿಗೆ ಸಹಾಯ ಮಾಡಲಾಗದೇ ಎಂದು ಕೇಳಿದ. ನೋವಿನಿಂದ ಬಿಡುಗಡೆ ಮಾಡುವುದೊಂದೇ ಸಹಾಯ ಎಂಬರ್ಥದ ಉತ್ತರ ಬಂತು. ಅಷ್ಟರಲ್ಲಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಬಂದ. ತಾನು ಆದೇಶ ಪಾಲಿಸುತ್ತಿದ್ದೇನೆ, ಇದು ತನ್ನ ವ್ಯವಹಾರ, ನಿನ್ನ ಕೆಲಸ ನೀನು ನೋಡಿಕೋ ಎಂದ. ಹುದ್ದೆಯಲ್ಲಿ ಅವನು ಮೇಲು. ಥಾಂಪ್ಸನ್ ಸಿಟ್ಟು ನುಂಗಿ ಹೆಲಿಕಾಪ್ಟರ್ ಹತ್ತಿದ. ಮೇಲೇರುತ್ತಿದ್ದಂತೆಯೇ ಆಂಡ್ರಿಯಾಟಾ ಕಿರುಚಿದ: ಅವರು ಕಂದಕದೊಳಕ್ಕೆ ಗುಂಡು ಹಾರಿಸುತ್ತಿದ್ದಾರೆ!

ನಡುವೆ ಇಳಿದ ಹೆಲಿಕಾಪ್ಟರ್

ಅಷ್ಟರಲ್ಲಿ ಇನ್ನೊಂದು ದೃಶ್ಯ ಕಂಡಿತು. ಹೆಂಗಸರು, ಮಕ್ಕಳು, ವಯಸ್ಸಾದವರ ಒಂದು ಗುಂಪು ಮಣ್ಣಿನ ಅಡಗುದಾಣವೊಂದರತ್ತ ಓಡುತ್ತಿದೆ. ಹಿಂದೆ ಬಂದೂಕು ಹಿಡಿದ ಅಮೆರಿಕದ ಸೈನಿಕರು ಬರುತ್ತಿದ್ದಾರೆ. ಇವರು ಅಲ್ಲಿ ಮುಟ್ಟಿದರೆ ಏನಾಗುತ್ತದೆ ಎಂದು ಈಗ ಹೇಳಬೇಕಾಗಿರಲಿಲ್ಲ.

ಏನಾದರೂ ಮಾಡಬೇಕು, ನೀವು ನನ್ನ ಜತೆಗಿದ್ದೀರಾ ಎಂದು ಥಾಂಪ್ಸನ್ ಕೇಳಿದ. ಇದ್ದೇವೆ ಎಂದರು ಇಬ್ಬರೂ. ಥಾಂಪ್ಸನ್ ಹೆಲಿಕಾಪ್ಟರನ್ನು ಸೈನಿಕರ ಮತ್ತು ಹಳ್ಳಿಗರ ನಡುವೆ ತಂದು ಇಳಿಸಿದ. ಮೇಲೆ ಹೇಳಿದ ಆದೇಶ ಕೊಟ್ಟದ್ದು ಆಗಲೇ. ಕೊಟ್ಟು, ಸೈನಿಕರ ಲೆಫ್ಟಿನೆಂಟ್‌ನತ್ತ ನಡೆದ. ಆ ಜನರನ್ನು ಹೊರಗೆ ಕರೆತರಲು ನೆರವಾಗುವಿರಾ ಎಂದು ಕೇಳಿದಾಗ, ಗ್ರೆನೇಡ್ ಎಸೆಯುವುದೊಂದೇ ದಾರಿ ಎಂಬ ಉತ್ತರ ಸಿಕ್ಕಿತು. 'ನಿಮ್ಮವರನ್ನು ಇಲ್ಲೇ ನಿಲ್ಲಿಸಿ, ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿದೆ' ಎಂದು ಥಾಂಪ್ಸನ್ ತಾನೊಬ್ಬನೇ ಅಡಗುದಾಣದ ಬಾಯಿಗೆ ಹೋದ. ಸೊಂಟದ ಪಿಸ್ತೂಲನ್ನು ಮುಟ್ಟದೆ, ಕೈಸನ್ನೆ ಮಾಡಿ ಅವರನ್ನು ಕರೆಯತೊಡಗಿದ.

ಇತ್ತ ಕೋಲ್‌ಬರ್ನ್ ಮತ್ತು ಆಂಡ್ರಿಯಾಟಾ ಮೆಷಿನ್‌ಗನ್ ಹಿಡಿದು ತಮ್ಮದೇ ಸೇನೆಯ ಸೈನಿಕರಿಗೆ ಎದುರಾಗಿ ನಿಂತಿದ್ದರು. ಅದೇ ಸಮವಸ್ತ್ರ, ಅದೇ ಭಾಷೆ, ಹೆಚ್ಚು ಕಡಿಮೆ ಅದೇ ವಯಸ್ಸು. ಕೋಲ್‌ಬರ್ನ್ ಬಂದೂಕಿನ ಮೂತಿಯನ್ನು ನೆಲದತ್ತ ಹಿಡಿದಿದ್ದ. ಕೈತಪ್ಪಿ ಒಂದೇ ಒಂದು ಗುಂಡು ಹಾರಿದರೂ ಎರಡೂ ಕಡೆ ಹೆಣ ಬೀಳುತ್ತಿದ್ದವು ಎಂಬುದು ಅವನಿಗೆ ಗೊತ್ತಿತ್ತು. ಬೆದರಿಸಲೆಂದು ಬಂದೂಕು ಎತ್ತಿ ಹಿಡಿಯಲಿಲ್ಲ, ಹೆದರಿ ಕೆಳಗೂ ಇಡಲಿಲ್ಲ. ಸುಮ್ಮನೆ ನಿಂತ. ಎದುರಿನ ಸೈನಿಕರು ನೋಡಿದರು, ಅವರೂ ನಿಂತರು. ಗುಂಡು ಹಾರಲಿಲ್ಲ.

ಮೂರು ನಾಲ್ಕು ಜನರಿರಬಹುದು ಎಂದುಕೊಂಡಿದ್ದ ಥಾಂಪ್ಸನ್ ಎದುರಿಗೆ ಹತ್ತರಷ್ಟು ಜನ ಹೊರಬಂದರು. ಮೂವರು ಕೂರುವ ಆ ಗುಳ್ಳೆಯಲ್ಲಿ ಅವರನ್ನು ಸಾಗಿಸುವುದು ಹೇಗೆ? ಮೇಲೆ ಕಾವಲಿದ್ದ ಹ್ಯೂಯಿಯ ಪೈಲಟ್ ಡ್ಯಾನ್ ಮಿಲಿಯನ್ಸ್‌ಗೆ ರೇಡಿಯೋದಲ್ಲಿ ಮೊರೆಯಿಟ್ಟ. ಕಾದಾಟದ ಹೆಲಿಕಾಪ್ಟರುಗಳು ಹಾಗೆ ನಡುವೆ ಇಳಿದು ಜನರನ್ನು ಹತ್ತಿಸಿಕೊಳ್ಳುವುದು ಎಲ್ಲೂ ಇಲ್ಲದ ಪದ್ಧತಿ. ಆದರೂ ಮಿಲಿಯನ್ಸ್ ಇಳಿದ. ಎರಡು ಸುತ್ತಿನಲ್ಲಿ ಅವರೆಲ್ಲರನ್ನೂ ಸುರಕ್ಷಿತ ಜಾಗಕ್ಕೆ ಮುಟ್ಟಿಸಿದ. ಅಷ್ಟು ಹೊತ್ತೂ ಬಾಗಿಲ ಬಂದೂಕಿನ ಇಬ್ಬರು ಹುಡುಗರು ನಿಂತ ಜಾಗದಿಂದ ಕದಲಲಿಲ್ಲ.

ಅಂಗಿಯ ಗುಂಡಿ

ಹೊರಡುವ ಮೊದಲು ಕಂದಕದ ಮೇಲೆ ಮತ್ತೊಮ್ಮೆ ಹಾರಿದರು. ಹೆಣಗಳ ನಡುವೆ ಏನೋ ಅಲುಗಾಡಿದ್ದು ಆಂಡ್ರಿಯಾಟಾನ ಕಣ್ಣಿಗೆ ಬಿತ್ತು. ಹೆಲಿಕಾಪ್ಟರ್ ನೆಲ ಮುಟ್ಟುತ್ತಿದ್ದಂತೆಯೇ ಅವನು ಕಂದಕಕ್ಕೆ ಇಳಿದ. ಕಾಲಿಡಲು ನೆಲವೇ ಇರಲಿಲ್ಲ. ಸತ್ತವರನ್ನು ದಾಟಿ, ಸಾಯುತ್ತಿದ್ದವರನ್ನು ದಾಟಿ ಹೋಗಿ, ರಕ್ತದಲ್ಲಿ ತೊಯ್ದಿದ್ದ ಒಂದು ಮಗುವನ್ನು ಎತ್ತಿಕೊಂಡು ಬಂದ.

ದಂಡೆಯಲ್ಲಿದ್ದ ಕೋಲ್‌ಬರ್ನ್ ಬಗ್ಗಿ ಮಗುವಿನ ಅಂಗಿಯ ಹಿಂಭಾಗವನ್ನು ಹಿಡಿದು ಮೇಲೆಳೆದುಕೊಂಡ. ಆ ಕ್ಷಣ ತನ್ನ ತಲೆಯಲ್ಲಿ ಓಡಿದ ಯೋಚನೆಯನ್ನು ಅವನು ಎಷ್ಟೋ ವರ್ಷಗಳ ಮೇಲೂ ನೆನೆಯುತ್ತಿದ್ದ: ಈ ಅಂಗಿಯ ಗುಂಡಿಗಳನ್ನು ಗಟ್ಟಿಯಾಗಿ ಹೊಲಿದಿದ್ದರೆ ಸಾಕು, ಕಿತ್ತು ಬಾರದಿದ್ದರೆ ಸಾಕು! ಆ ಗುಂಡಿಗಳನ್ನು ಯಾವ ತಾಯಿ ಹೊಲಿದಿದ್ದಳೋ. ಅವು ಕಿತ್ತು ಬರಲಿಲ್ಲ.

ಮಗುವಿಗೆ ಗುಂಡೇಟು ಬಿದ್ದಿರಲಿಲ್ಲ. ಆದರೆ ಅಳುತ್ತಲೂ ಇರಲಿಲ್ಲ. ಕಣ್ಣು ಶೂನ್ಯದಲ್ಲಿ ನೆಟ್ಟಿತ್ತು. ಮೆಷಿನ್‌ಗನ್ ಇರಬೇಕಾದ ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಕೋಲ್‌ಬರ್ನ್ ಕ್ವಾಂಗ್ ನ್ಗಾಯ್ ಪಟ್ಟಣದ ಆಸ್ಪತ್ರೆಯವರೆಗೆ ಕೂತ. ಅಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ಕೈಗೆ ಮಗುವನ್ನು ಒಪ್ಪಿಸಿದರು. ಅದೇ ಪ್ರಾಯದ ಮಗನನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಥಾಂಪ್ಸನ್‌ನ ಕಣ್ಣಲ್ಲಿ ನೀರಿತ್ತು.

ನೆಲೆಗೆ ಮರಳಿದ ಥಾಂಪ್ಸನ್ ಮೇಲಧಿಕಾರಿಗಳ ಮುಂದೆ ಕಂಡದ್ದನ್ನೆಲ್ಲ ಸಿಡಿದು ಹೇಳಿದ. ದೂರು ಮೇಲಕ್ಕೆ ಹೋಯಿತು. ಕೊಲ್ಲುವುದನ್ನು ನಿಲ್ಲಿಸಿ ಎಂಬ ಆದೇಶ ಕಾರ್ಯಾಚರಣೆಯ ಮುಖ್ಯಸ್ಥನಿಂದ ಹೊರಟಿತು. ಅಷ್ಟರಲ್ಲಿ ಸೋನ್ ಮಿ ಗ್ರಾಮದಲ್ಲಿ ಸತ್ತವರು, ಅಲ್ಲಿನ ಸ್ಮಾರಕದ ಲೆಕ್ಕದಂತೆ 504 ಮಂದಿ. ಅವರಲ್ಲಿ 182 ಹೆಂಗಸರು, 173 ಮಕ್ಕಳು. ಚಾರ್ಲಿ ಕಂಪೆನಿಗಾದ ಏಕೈಕ ಗಾಯವೆಂದರೆ, ತನ್ನದೇ ಬಂದೂಕಿನಿಂದ ಒಬ್ಬ ಸೈನಿಕನ ಪಾದಕ್ಕೆ ಬಿದ್ದ ಗುಂಡು. ದೊರೆತ ಆಯುಧಗಳು ಬೆರಳೆಣಿಕೆಯಷ್ಟು.

ಸುಳ್ಳು ಪದಕ, ನಿಜವಾದ ಬೆದರಿಕೆ

ಸೇನೆಯ ವರದಿ ಮಾತ್ರ ಬೇರೆಯೇ ಇತ್ತು. 128 ಶತ್ರುಗಳನ್ನು ಕೊಂದ ದೊಡ್ಡ ಗೆಲುವು ಎಂದು ಅದು ಸಾರಿತು. ಥಾಂಪ್ಸನ್‌ಗೆ ಶೌರ್ಯ ಪದಕವೊಂದು ಬಂತು. ಭೀಕರ ಗುಂಡಿನ ಕಾಳಗದ ನಡುವೆ ಸಿಕ್ಕಿಕೊಂಡಿದ್ದ ಮಗುವನ್ನು ಕಾಪಾಡಿದ್ದಕ್ಕೆ ಎಂದು ಪ್ರಶಸ್ತಿಪತ್ರದಲ್ಲಿತ್ತು. ಕಾಳಗವೇ ನಡೆದಿರಲಿಲ್ಲವಲ್ಲ! ಥಾಂಪ್ಸನ್ ಅದನ್ನು ಎಸೆದುಬಿಟ್ಟ. ಕೋಲ್‌ಬರ್ನ್ ಮತ್ತು ಆಂಡ್ರಿಯಾಟಾಗೆ 'ಕಂಚಿನ ನಕ್ಷತ್ರ' ಪದಕ ಘೋಷಣೆಯಾಯಿತು. ಆದರೆ ಆಂಡ್ರಿಯಾಟಾ ಅದನ್ನು ನೋಡಲಿಲ್ಲ. ಮೈ ಲಾಯ್ ಘಟನೆಯ ನಂತರ ನಾಲ್ಕನೆಯ ವಾರ ತುಂಬುವ ಮೊದಲೇ, ಏಪ್ರಿಲ್ 8ರಂದು ಅವನಿದ್ದ ಹೆಲಿಕಾಪ್ಟರನ್ನು ಶತ್ರುಗಳು ಹೊಡೆದುರುಳಿಸಿದರು. ಕಂದಕಕ್ಕೆ ಇಳಿದಿದ್ದ ಹುಡುಗ ಇಪ್ಪತ್ತರಲ್ಲೇ ತೀರಿಕೊಂಡ.

ಸತ್ಯ ಒಂದು ವರ್ಷ ಮಣ್ಣಿನಡಿಯಲ್ಲಿತ್ತು. ರಾನ್ ರೈಡನ್‌ಅವರ್ ಎಂಬ ಸೈನಿಕ ಗೆಳೆಯರಿಂದ ಕೇಳಿದ್ದನ್ನು ಕೂಡಿಸಿ 1969ರ ಮಾರ್ಚ್‌ನಲ್ಲಿ ಸಂಸದರಿಗೂ ಅಧಿಕಾರಿಗಳಿಗೂ ಪತ್ರ ಬರೆದ. ಅದೇ ನವೆಂಬರಿನಲ್ಲಿ ಸೀಮೋರ್ ಹರ್ಷ್ ಎಂಬ ಪತ್ರಕರ್ತ ಸುದ್ದಿಯನ್ನು ಬಯಲು ಮಾಡಿದ. ಸೇನೆಯ ಛಾಯಾಗ್ರಾಹಕ ರೊನಾಲ್ಡ್ ಹೇಬರ್ಲಿ ತನ್ನ ಸ್ವಂತ ಕ್ಯಾಮರಾದಲ್ಲಿ ತೆಗೆದಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಜಗತ್ತು ಬೆಚ್ಚಿಬಿತ್ತು.

ಥಾಂಪ್ಸನ್ ಮತ್ತು ಕೋಲ್‌ಬರ್ನ್ ತನಿಖೆಯಲ್ಲಿ ಸಾಕ್ಷಿ ನುಡಿದರು. 'ಮಾಡಿದವರ ಪಾಪ ಆಡಿದವರ ಬಾಯಲ್ಲಿ' ಎಂಬ ನಮ್ಮ ಗಾದೆ ಅಮೆರಿಕದಲ್ಲೂ ನಿಜವಾಯಿತು. ಇಡೀ ಪ್ರಕರಣದಲ್ಲಿ ಶಿಕ್ಷೆಯಾಗಬೇಕಾದವನು ಯಾರಾದರೂ ಇದ್ದರೆ ಅದು ಥಾಂಪ್ಸನ್ ಎಂಬರ್ಥದ ಮಾತನ್ನು ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್ ಆಡಿದರು. ಥಾಂಪ್ಸನ್ ಮನೆಗೆ ಕೊಲೆ ಬೆದರಿಕೆಯ ಫೋನ್‌ಗಳು ಬಂದವು. ಬೆಳಗಾಗುವಷ್ಟರಲ್ಲಿ ಮನೆಯ ಜಗಲಿಯ ಮೇಲೆ ಸತ್ತ ಪ್ರಾಣಿಗಳು ಬಿದ್ದಿರುತ್ತಿದ್ದವು. ಸೇನೆಯ ಕ್ಲಬ್ಬಿಗೆ ಹೋದರೆ ಜತೆಯವರು ಎದ್ದು ಹೋಗುತ್ತಿದ್ದರು.

ಇತ್ತ ಅಪರಾಧಿಗಳಿಗೇನಾಯಿತು? ಆರೋಪ ಹೊತ್ತವರಲ್ಲಿ ಕೊಲೆಯ ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ. ಕ್ಯಾಪ್ಟನ್ ಅರ್ನೆಸ್ಟ್ ಮೆಡಿನಾ 1971ರಲ್ಲಿ ಖುಲಾಸೆಯಾದ. ಲೆಫ್ಟಿನೆಂಟ್ ಕ್ಯಾಲಿ 22 ಕೊಲೆಗಳ ಅಪರಾಧಿ ಎಂದು ಅದೇ ವರ್ಷ ಮಾರ್ಚ್‌ನಲ್ಲಿ ತೀರ್ಪಾಗಿ ಜೀವಾವಧಿ ಶಿಕ್ಷೆಯಾಯಿತು. ಕೆಲವೇ ದಿನಗಳಲ್ಲಿ ಅಧ್ಯಕ್ಷ ನಿಕ್ಸನ್ ಅವನನ್ನು ಜೈಲಿನಿಂದ ಗೃಹಬಂಧನಕ್ಕೆ ವರ್ಗಾಯಿಸಿದರು. 1974ರಲ್ಲಿ ಬಿಡುಗಡೆಯೂ ಆಯಿತು. ಕ್ಯಾಲಿ 2024ರವರೆಗೆ ಬದುಕಿದ್ದ.

ಆದೇಶ ಪಾಲಿಸಿದೆ ಎಂಬುದೇ ಕ್ಯಾಲಿಯ ವಾದವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ನಾಜಿಗಳನ್ನು ವಿಚಾರಣೆ ಮಾಡಿದ ನ್ಯೂರೆಂಬರ್ಗ್ ನ್ಯಾಯಾಲಯದಲ್ಲೂ ಕೇಳಿಬಂದದ್ದು ಇದೇ ವಾದ. ಅಲ್ಲೂ ಅದು ನಿಲ್ಲಲಿಲ್ಲ. ಮೇಲಿನವರು ಹೇಳಿದರು ಎಂಬ ಕಾರಣಕ್ಕೆ ಕೊಲೆ ಕೊಲೆಯಲ್ಲದೆ ಹೋಗುವುದಿಲ್ಲ. 'ಹೇಳಿದ ಮಾತು ಕೇಳು' ಎಂದು ನಾವು ಮಕ್ಕಳಿಗೆ ದಿನವೂ ಹೇಳುತ್ತೇವೆ. ಹೇಳಲೇಬೇಕು ಕೂಡ. ಶಾಲೆ, ಮನೆ, ಸೇನೆ ಯಾವುದೂ ಅದಿಲ್ಲದೆ ನಡೆಯದು. ಆದರೆ ಯಾವ ಮಾತನ್ನು ಕೇಳಬಾರದು ಎಂಬುದನ್ನು ಯಾರು ಹೇಳಿಕೊಡಬೇಕು? ಆ ಪಾಠವಿಲ್ಲದೆ ಬೆಳೆದವರ ಕೈಗೆ ಬಂದೂಕು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಮೈ ಲಾಯ್ ಉದಾಹರಣೆ. ಕೋಲ್‌ಬರ್ನ್‌ಗೂ ಅಂದು ಆದೇಶವೇ ಬಂದಿತ್ತು. ಆದರೆ ಅವನ ಪೈಲಟ್ ಮೊದಲು ಪ್ರಶ್ನೆ ಕೇಳಿದ್ದ: ನೀವು ನನ್ನ ಜತೆಗಿದ್ದೀರಾ?

ಮೂವತ್ತು ವರ್ಷದ ಮೇಲೆ

1989ರಲ್ಲಿ ಬ್ರಿಟಿಷ್ ಟೆಲಿವಿಷನ್ನಿನ ಸಾಕ್ಷ್ಯಚಿತ್ರವೊಂದರಲ್ಲಿ ಥಾಂಪ್ಸನ್ ಮಾತನಾಡಿದ್ದನ್ನು ಕ್ಲೆಮ್ಸನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಈಗನ್ ಕಂಡರು. ಇಂಥವರಿಗೆ ದೇಶ ಒಂದು ನಮಸ್ಕಾರವನ್ನೂ ಹೇಳಿಲ್ಲವಲ್ಲ ಎಂದು ಅವರಿಗೆ ನೋವಾಯಿತು. ಸಂಸದರಿಗೆ, ಸೇನೆಗೆ ಪತ್ರ ಬರೆಯತೊಡಗಿದರು. ಒಂದೆರಡಲ್ಲ, ವರ್ಷಗಟ್ಟಲೆ ಬರೆದರು. ಕೊನೆಗೆ ಸೇನೆ ಪದಕ ಕೊಡಲು ಒಪ್ಪಿತು. ಸದ್ದಿಲ್ಲದೆ ಕೊಟ್ಟು ಮುಗಿಸುವ ಮನಸ್ಸು ಅದಕ್ಕಿತ್ತು. ಥಾಂಪ್ಸನ್ ಒಪ್ಪಲಿಲ್ಲ. ತನ್ನೊಬ್ಬನಿಗಲ್ಲ, ಮೂವರಿಗೂ ಕೊಡಬೇಕು. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಎದುರು, ಎಲ್ಲರ ಮುಂದೆ ಕೊಡಬೇಕು ಎಂದು ಪಟ್ಟು ಹಿಡಿದರು.

1998ರ ಮಾರ್ಚ್ 6ರಂದು ಹಾಗೆಯೇ ಆಯಿತು. ಥಾಂಪ್ಸನ್ ಮತ್ತು ಕೋಲ್‌ಬರ್ನ್ ಅವರ ಎದೆಗೆ 'ಸೋಲ್ಜರ್ಸ್ ಮೆಡಲ್' ಏರಿತು. ಆಂಡ್ರಿಯಾಟಾಗೆ ಅದು ಮರಣೋತ್ತರವಾಗಿ ಸಂದಿತು. ಅವರು ನಿಂತಿದ್ದ ಆ ಕಪ್ಪು ಕಲ್ಲಿನ ಗೋಡೆಯ ಮೇಲೆ, ಯುದ್ಧದಲ್ಲಿ ಸತ್ತವರ ಸಾಲಿನಲ್ಲಿ ಆಂಡ್ರಿಯಾಟಾನ ಹೆಸರಿದೆ. ಈ ಪದಕದ ನಿಯಮದಲ್ಲಿ ಒಂದು ಮಾತಿದೆ: ಶತ್ರುವಿನೊಡನೆ ಕಾದಾಟವಿಲ್ಲದ ಸಂದರ್ಭದಲ್ಲಿ ತೋರಿದ ಶೌರ್ಯಕ್ಕೆ ಇದು ಸಲ್ಲುತ್ತದೆ. ಮೂವತ್ತು ವರ್ಷದ ಹಿಂದಿನ ಪ್ರಶಸ್ತಿಪತ್ರದಲ್ಲಿ ಬರೆದ ಸುಳ್ಳನ್ನು ಸೇನೆ ತಾನೇ ಹೀಗೆ ತಿದ್ದಿದಂತಾಯಿತು.

ಹತ್ತು ದಿನಗಳ ನಂತರ, ಹತ್ಯಾಕಾಂಡಕ್ಕೆ ಮೂವತ್ತು ವರ್ಷ ತುಂಬಿದ ದಿನ, ಇಬ್ಬರೂ ಸೋನ್ ಮಿಯಲ್ಲಿದ್ದರು. ಅಂದು ತಾವು ಕಾಪಾಡಿದ್ದ ಇಬ್ಬರು ಮಹಿಳೆಯರನ್ನು ಕಂಡರು. ಭಾಷೆ ಬಾರದು, ಕೈ ಹಿಡಿದುಕೊಂಡು ನಿಂತರು. ಮುಂದೆ ಕೋಲ್‌ಬರ್ನ್ ಮತ್ತೆಯೂ ಆ ಹಳ್ಳಿಗೆ ಹೋದರು. ಥಾಂಪ್ಸನ್ ಸೈನಿಕ ಶಾಲೆಗಳಲ್ಲಿ, ನೌಕಾ ಅಕಾಡೆಮಿಯಲ್ಲಿ ಯುವ ಅಧಿಕಾರಿಗಳ ಮುಂದೆ ನಿಂತು ಆ ಬೆಳಿಗ್ಗೆಯ ಕತೆ ಹೇಳಿದರು. ಒಂದು ಕಾಲಕ್ಕೆ ಅವರನ್ನು ದ್ರೋಹಿಯಂತೆ ಕಂಡ ಸೇನೆಯೇ ಅವರ ನಡತೆಯನ್ನು ಪಾಠವಾಗಿ ಇಟ್ಟುಕೊಂಡಿತು.

ಮೂವರಲ್ಲಿ ಈಗ ಯಾರೂ ಇಲ್ಲ. ಥಾಂಪ್ಸನ್ 2006ರ ಜನವರಿ 6ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಯುದ್ಧಾನಂತರ ಜಾರ್ಜಿಯಾದಲ್ಲಿ ನೆಲೆಸಿ, ವೈದ್ಯಕೀಯ ಸಲಕರಣೆಗಳ ವ್ಯಾಪಾರ ಮಾಡಿಕೊಂಡಿದ್ದ ಕೋಲ್‌ಬರ್ನ್ 2016ರ ಡಿಸೆಂಬರ್ 13ರಂದು ಅದೇ ರೋಗದಿಂದ ನಿಧನರಾದರು. ಅವರಿಗೆ ಆಗ 67 ವರ್ಷ.

1998ರ ಆ ಭೇಟಿಯಲ್ಲಿ ನಡೆದ ಒಂದು ಸಂಗತಿಯನ್ನು ಥಾಂಪ್ಸನ್ ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಬದುಕಿ ಉಳಿದಿದ್ದ ಮಹಿಳೆಯೊಬ್ಬರು ಬಳಿಗೆ ಬಂದು, ಅಂದು ನಮ್ಮ ಮೇಲೆ ಗುಂಡು ಹಾರಿಸಿದವರು ನಿಮ್ಮ ಜತೆ ಏಕೆ ಬರಲಿಲ್ಲ ಎಂದು ಕೇಳಿದರಂತೆ. ಥಾಂಪ್ಸನ್‌ಗೆ ಎದೆ ಧಸಕ್ಕೆಂದಿತು. ಎಷ್ಟು ಸಿಟ್ಟಿರಬಹುದು, ಏನು ಉತ್ತರ ಕೊಡಲಿ ಎಂದು ತಡವರಿಸುತ್ತಿರುವಾಗ ಆಕೆ ಮಾತು ಮುಗಿಸಿದರು: ಬಂದಿದ್ದರೆ ನಾವು ಅವರನ್ನು ಕ್ಷಮಿಸಬಹುದಿತ್ತು.